ಹತ್ತೊಂಬತ್ತನೇ ಗರಿ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಬರೋದು ಎರಡೇ ಬಗೆಯ ಮೆಸೇಜು. ಒಂದು ಬೆಳಗಿನ ಹೂವಿನ ಚಿತ್ರ, ಇನ್ನೊಂದು ಯಾರದಾದರೂ ಮದುವೆಯ ಕರೆಯೋಲೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಬಗೆಯದೊಂದು ಬಂತು. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ದೇವರ ಕೋಣೆಯಲ್ಲಿರುವ ತಾಳೆಗರಿ ಕಟ್ಟಿನ ಫೋಟೊ. ಕಳಿಸಿದವನು ಚಿಕ್ಕಪ್ಪನ ಮಗ. ಕೆಳಗೆ ಒಂದು ಸಾಲು: "ಹಳೇ ಸಾಮಾನು ತಗೊಳ್ಳೋರು ಒಬ್ರು ಬಂದಿದ್ರು, ಇದಕ್ಕೆ ಒಳ್ಳೆ ರೇಟ್ ಇದೆಯಂತೆ. ಏನ್ ಮಾಡೋದು?"

ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜ್. ಕೊಟ್ಟುಬಿಡಿ ಅಂದವರು ಮೂವರು. ಪಾಪ ಬರುತ್ತೆ ಅಂದವರು ಐವರು. ಅದರಲ್ಲಿ ನಿಧಿ ಇರುವ ಜಾಗ ಬರೆದಿದೆ ಅಂದವರು ಒಬ್ಬರು. ಕೊನೆಗೆ 74 ವರ್ಷದ ದೊಡ್ಡಪ್ಪ, ಟೈಪ್ ಮಾಡಲು ಬಾರದವರು, ವಾಯ್ಸ್ ಮೆಸೇಜ್ ಹಾಕಿದರು. "ಅದು ಮನೆ ಸರಸ್ವತಿ. ನಾನಿರೋ ತನಕ ಅದನ್ನ ಯಾರೂ ಮುಟ್ಟೋದು ಬೇಡ."

ಗ್ರೂಪು ತಣ್ಣಗಾಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ಕಟ್ಟು ನಮಗೆಲ್ಲ ಗೊತ್ತಿರೋದು ನವರಾತ್ರಿಯ ದಿನ ಮಾತ್ರ. ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ, ಪಠ್ಯಪುಸ್ತಕಗಳ ಮೇಲೆ ಅದನ್ನಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ ಪೂಜೆ. ಮೂರನೇ ದಿನ ಮತ್ತೆ ಮರದ ಪೆಟ್ಟಿಗೆಗೆ. ಬಿಚ್ಚಿ ಓದಿದವರನ್ನು ನಮ್ಮಪ್ಪನೂ ನೋಡಿಲ್ಲ, ದೊಡ್ಡಪ್ಪನೂ ನೋಡಿಲ್ಲ. ಅದು ಮಲಯಾಳ ಅಂತ ಒಬ್ಬರು, ಮಾಟಮಂತ್ರ ಅಂತ ಇನ್ನೊಬ್ಬರು. ಓದಲು ಬಾರದ ಪುಸ್ತಕಕ್ಕೆ ಇಷ್ಟು ಕತೆ ಹುಟ್ಟೋದು ಸಹಜವೇ.

ದೀಪಾವಳಿ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನನ್ನು ಒಂದು ಮಾತು ಕೇಳಿದೆ. "ಮಾರೋದು ಬೇಡ, ಕೊಡೋದೂ ಬೇಡ. ಒಳಗೇನಿದೆ ಅಂತಾದ್ರೂ ತಿಳ್ಕೊಳ್ಳೋಣ್ವಾ?" ಅವರು ತುಂಬಾ ಹೊತ್ತು ಅಡಿಕೆ ಹೋಳು ಮಾಡುತ್ತಾ ಕೂತಿದ್ದರು. ಆಮೇಲೆ ಸ್ನಾನ ಮಾಡಿ ಬಂದು ಪೆಟ್ಟಿಗೆ ತೆಗೆದುಕೊಟ್ಟರು. ಜಗುಲಿಯಲ್ಲಿ ಬಿಳಿ ಪಂಚೆ ಹಾಸಿ, ಒಂದೊಂದೇ ಗರಿಯ ಎರಡೂ ಮಗ್ಗುಲು ಫೋನಿನಲ್ಲಿ ತೆಗೆದೆ. ಮಧ್ಯಾಹ್ನ ಊಟ ಬಿಟ್ಟು ನಾಲ್ಕು ಗಂಟೆ ಹಿಡಿಯಿತು. 65 ಗರಿ, 130 ಫೋಟೊ. ಕುಂಕುಮ ಬಿದ್ದು ಬಿದ್ದು ಮೇಲಿನ ಎರಡು ಗರಿಗಳ ಮೇಲೆ ಅಕ್ಷರವೇ ಕಾಣುತ್ತಿರಲಿಲ್ಲ. ಎಷ್ಟು ವರ್ಷದ ಭಕ್ತಿಯೋ, ಅಷ್ಟೇ ದಪ್ಪದ ಪದರ.

ಡಿಸೆಂಬರಿನಲ್ಲಿ ಒಂದು ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಮೈಸೂರಿನ ರೈಲು ಹತ್ತಿದೆ.

ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಂತ ಒಂದಿದೆ. ಹಳಬರು ಈಗಲೂ ಓರಿಯಂಟಲ್ ಲೈಬ್ರರಿ ಅನ್ನುತ್ತಾರೆ. ನಾನು ಮೈಸೂರಿಗೆ ಹತ್ತಾರು ಸಲ ಹೋಗಿದ್ದೇನೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಮೈಲಾರಿ ದೋಸೆ ಎಲ್ಲ ಆಗಿದೆ. ಆ ದೊಡ್ಡ ಕಲ್ಲಿನ ಕಟ್ಟಡದ ಮುಂದೆಯೂ ಆಟೋದಲ್ಲಿ ಹೋಗಿರುತ್ತೇನೆ. ಒಳಗೇನಿದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ನಿಮ್ಮಲ್ಲೂ ಎಷ್ಟು ಜನ ಹಾಗೇ ಇರಬಹುದು.

ಕಟ್ಟಡ ಕಟ್ಟಲು ಶುರುಮಾಡಿದ್ದು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ 50ನೇ ವರ್ಷದ ನೆನಪಿಗೆ. 1891ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಹಸ್ತಪ್ರತಿಗಳನ್ನು ಹುಡುಕಿ ತರುವುದು, ಓದುವುದು, ಶುದ್ಧಮಾಡಿ ಅಚ್ಚುಹಾಕುವುದು, ಇಷ್ಟಕ್ಕಾಗಿಯೇ ಒಂದು ಗ್ರಂಥಾಲಯ ಶುರುವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂತು. 1943ರಲ್ಲಿ ಈಗಿನ ಹೆಸರು. ಹತ್ತಾರು ಸಾವಿರ ಕೃತಿಗಳು ಅಲ್ಲಿವೆ. ತಾಳೆಗರಿ ಇದೆ, ಕಾಗದ ಇದೆ. ವೇದ, ವ್ಯಾಕರಣ, ವೈದ್ಯ, ಜ್ಯೋತಿಷ, ಸಂಗೀತ, ಕಾವ್ಯ, ಶಿಲ್ಪ ಎಲ್ಲ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದ ಚಿತ್ರಸಹಿತ 'ಶ್ರೀತತ್ತ್ವನಿಧಿ'ಯ ಪ್ರತಿಯೂ ಇದೆ. ಭಾಷೆ ಬಹುಪಾಲು ಸಂಸ್ಕೃತ. ಆದರೆ ಲಿಪಿ? ಕನ್ನಡ, ತೆಲುಗು, ಗ್ರಂಥ, ನಂದಿನಾಗರಿ, ತಿಗಳಾರಿ, ಮಲಯಾಳ, ದೇವನಾಗರಿ. ಸಂಸ್ಕೃತ ಅಂದ್ರೆ ದೇವನಾಗರಿ ಅಂದುಕೊಂಡೇ ಬೆಳೆದ ನಮ್ಮಂಥವರಿಗೆ ಇದೊಂದು ಚಿಕ್ಕ ಶಾಕ್. ಆಯಾ ಊರಿನವರು ತಮಗೆ ಗೊತ್ತಿದ್ದ ಲಿಪಿಯಲ್ಲಿ ಬರೆದುಕೊಂಡರು, ಅಷ್ಟೆ.

ಹಳೇ ಲಿಪಿಗಳನ್ನು ಓದಬಲ್ಲ ಹಿರಿಯರೊಬ್ಬರ ಪರಿಚಯ ಸ್ನೇಹಿತನ ಮೂಲಕ ಆಗಿತ್ತು. ಅವತ್ತು ಅವರೇ ಅಲ್ಲಿಗೆ ಬಂದಿದ್ದರು. ಕನ್ನಡಕ ಏರಿಸಿ, ಮೊದಲ ಫೋಟೊ ನೋಡಿ, ಮೂರು ಸೆಕೆಂಡಿನಲ್ಲಿ "ತಿಗಳಾರಿ" ಅಂದರು.

ನನಗೆ ಆ ಹೆಸರೇ ಹೊಸದು. ಅವರು ಬಿಡಿಸಿ ಹೇಳಿದರು. ಕರಾವಳಿ ಮತ್ತು ಮಲೆನಾಡಿನ ವೈದಿಕ ಮನೆಗಳಲ್ಲಿ ಸಂಸ್ಕೃತ ಬರೆಯೋಕೆ ಬಳಸುತ್ತಿದ್ದ ಲಿಪಿ ಇದು. ಗ್ರಂಥಲಿಪಿಯ ಮಗಳು, ಮಲಯಾಳ ಲಿಪಿಯ ಅಕ್ಕತಂಗಿ. ಅದಕ್ಕೇ ನಮ್ಮವರು ಅದನ್ನು ಮಲಯಾಳ ಅಂದುಕೊಂಡದ್ದು. ಅಚ್ಚಿನ ಪುಸ್ತಕ ಬಂದ ಮೇಲೆ ಎರಡು ಮೂರು ತಲೆಮಾರಿನಲ್ಲಿ ಓದುವವರೇ ಇಲ್ಲವಾದರು. ನಮ್ಮ ಫೋನುಗಳಲ್ಲಿ ಅಕ್ಷರ ಮೂಡಿಸುವ ಯೂನಿಕೋಡ್ ಇದೆಯಲ್ಲ, ಅದಕ್ಕೆ ತುಳು-ತಿಗಳಾರಿ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ನೂರಾರು ವರ್ಷ ಬರೆದ ಲಿಪಿಗೆ ಕಂಪ್ಯೂಟರಿನಲ್ಲಿ ಜಾಗ ಸಿಕ್ಕಿದ್ದು ಮೊನ್ನೆ ಮೊನ್ನೆ.

"ಸರಿ, ಏನಿದೆ ಇದರಲ್ಲಿ?" ನನ್ನ ಎದೆ ಢವಢವ.

"ಅಮರಕೋಶ," ಅಂದರು.

ನನ್ನ ಮುಖ ಇಳಿದದ್ದು ಅವರಿಗೆ ಕಂಡಿರಬೇಕು. ಅಮರಕೋಶ ಅಂದ್ರೆ ಸಂಸ್ಕೃತದ ಪದಕೋಶ. ಹಿಂದೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದು. ಯಾವ ಗ್ರಂಥಾಲಯಕ್ಕೆ ಹೋದರೂ ಕಟ್ಟುಗಟ್ಟಲೆ ಪ್ರತಿ. ಅಚ್ಚಿನ ಪುಸ್ತಕ ಬೇಕಾದರೆ ಆನ್‌ಲೈನಿನಲ್ಲಿ ಎರಡು ದಿನದಲ್ಲಿ ಮನೆಗೆ ಬರುತ್ತದೆ. ನಿಧಿ ಬೇಡ, ಕನಿಷ್ಠ ಯಾರಿಗೂ ಸಿಕ್ಕದ ಕಾವ್ಯವಾದರೂ ಆಗಿರಬಾರದಿತ್ತೇ?

ಅವರು ನಕ್ಕರು. "ಎಲ್ರಿಗೂ ಅರ್ಥಶಾಸ್ತ್ರಾನೇ ಬೇಕು," ಅಂದರು.

ಆ ಮಾತಿಗೆ ಹಿನ್ನೆಲೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಇವತ್ತು ಯಾವ ಏರ್‌ಪೋರ್ಟ್ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಅದರ ಹೆಸರು ಹೇಳದವರಿಲ್ಲ. ಆದರೆ 120 ವರ್ಷದ ಹಿಂದೆ ಅಂಥದ್ದೊಂದು ಪುಸ್ತಕ ಇತ್ತು ಅನ್ನೋದು ಮಾತ್ರ ಗೊತ್ತಿತ್ತು. ದಂಡಿ ಅದನ್ನು ನೆನೆದಿದ್ದಾನೆ, ಬಾಣ ನೆನೆದಿದ್ದಾನೆ, ಪಂಚತಂತ್ರದಲ್ಲಿ ಚಾಣಕ್ಯನ ಹೆಸರಿದೆ. ವಿದ್ವಾಂಸರ ಕೈಯಲ್ಲಿ ಪೂರ್ತಿ ಪುಸ್ತಕ ಮಾತ್ರ ಇರಲಿಲ್ಲ.

ಇದೇ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಒಂದು ತಾಳೆಗರಿ ಪ್ರತಿ ಕೊಟ್ಟರು. ಗ್ರಂಥಲಿಪಿಯಲ್ಲಿತ್ತು. ಆಗ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿಗಳು. ಕಾವೇರಿ ತೀರದ ರುದ್ರಪಟ್ಟಣದವರು. ಅವರು ಆ ಕಟ್ಟನ್ನು ಬಿಚ್ಚಿ ಓದಿದರು. ಇದೇ ಆ ಕಾಣೆಯಾದ ಪುಸ್ತಕ ಅಂತ ಗುರುತಿಸಿದರು. 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲ ಮೈಸೂರಿನಲ್ಲೇ ಅಚ್ಚಾಯಿತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. 15 ಅಧಿಕರಣ, 150 ಅಧ್ಯಾಯ. ತೂಕದ ಬಟ್ಟು ಹೇಗಿರಬೇಕು, ನೇಯ್ಗೆಯವರಿಗೆ ಕೂಲಿ ಹೇಗೆ ಕೊಡಬೇಕು, ಆನೆ ಕಾಯುವವರ ಕೆಲಸ ಏನು, ಸರ್ಕಾರಿ ಹಣ ನುಂಗುವ ನಲವತ್ತು ಬಗೆ ಯಾವುವು, ಎಲ್ಲ ಅದರಲ್ಲಿದೆ. ಹಿಂದೂಸ್ತಾನದವರಿಗೆ ಪರಲೋಕದ ಚಿಂತೆ ಬಿಟ್ಟರೆ ಆಡಳಿತದ ಯೋಚನೆಯೇ ಇರಲಿಲ್ಲ ಅನ್ನುತ್ತಿದ್ದವರು ಮಾತು ಬದಲಿಸಬೇಕಾಯಿತು.

ಇದನ್ನು ನಾವು "ಕಳೆದುಹೋದ ಪುಸ್ತಕ ಸಿಕ್ಕಿತು" ಅಂತ ಹೇಳುತ್ತೇವೆ. ಯೋಚಿಸಿ ನೋಡಿ, ಅದು ಕಳೆದೇ ಹೋಗಿರಲಿಲ್ಲ. ತಂಜಾವೂರಿನ ಕಡೆ ಯಾರದೋ ಮನೆಯಲ್ಲಿ ಇತ್ತು. ನಮ್ಮ ಮನೆಯ ಹಾಗೆಯೇ ಪೆಟ್ಟಿಗೆಯಲ್ಲಿ ಇತ್ತೇನೋ, ನವರಾತ್ರಿಗೆ ಹೊರಬಂದು ಒಳಹೋಗುತ್ತಿತ್ತೇನೋ. ಪ್ರತಿಯೊಂದು ಗ್ರಂಥಾಲಯಕ್ಕೆ ಬಂತು, ಅಲ್ಲಿ ಅದನ್ನು ಓದಬಲ್ಲವರೊಬ್ಬರು ಇದ್ದರು, ಓದಿದರು. ಶಾಮಶಾಸ್ತ್ರಿಗಳ ಹೆಸರು ಜಗತ್ತಿಗೇ ಗೊತ್ತಾಯಿತು, ಗೊತ್ತಾಗಲೇಬೇಕಿತ್ತು. ಕೊಟ್ಟ ಪಂಡಿತರು ಮಾತ್ರ ಪುಸ್ತಕದ ಮುನ್ನುಡಿಯಲ್ಲೂ "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು" ಆಗಿಯೇ ಉಳಿದರು. ಅವರು ಕೊಡದೇ ಇದ್ದಿದ್ದರೆ?

ನಮ್ಮ ಕರಾವಳಿಯಲ್ಲೇ ಇನ್ನೊಂದು ಉದಾಹರಣೆ ಇದೆ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಭಕ್ತರು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಹಳಗನ್ನಡ ಲಿಪಿಯ ಆ ಗರಿಗಳಿಂದ ನಕಲು ತೆಗೆಯುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಗೆ. ಅಚ್ಚಾಗಿ ಬರತೊಡಗಿದ್ದು 1939ರಿಂದ. ಪೂಜೆ ಅವುಗಳನ್ನು ಕಾಪಾಡಿತು ಅನ್ನೋದು ನಿಜ. ಓದಿಸಲಿಲ್ಲ ಅನ್ನೋದೂ ಅಷ್ಟೇ ನಿಜ.

ಇಷ್ಟೆಲ್ಲ ಹೇಳಿ ಹಿರಿಯರು ನನ್ನ ಫೋಟೊಗಳಿಗೆ ಮರಳಿದರು. "ಅಮರಕೋಶ ಸಾಮಾನ್ಯ ನಿಜ. ಆದ್ರೆ ಸಾಲುಗಳ ಮಧ್ಯೆ ಸಣ್ಣಕ್ಷರದಲ್ಲಿ ಕನ್ನಡ ಇದೆ ನೋಡಿ," ಅಂದರು. ಝೂಮ್ ಮಾಡಿದೆ. ಹೌದು! ನಾಲ್ಕು ಗಂಟೆ ಕೂತು ಫೋಟೊ ತೆಗೆದವನಿಗೆ ಅದು ಕಂಡೇ ಇರಲಿಲ್ಲ. ಗೀರು ಅಂದುಕೊಂಡಿದ್ದೆ. ಒಂದೊಂದು ಸಂಸ್ಕೃತ ಪದದ ತಲೆಯ ಮೇಲೂ ಇರುವೆ ಸಾಲಿನಂಥ ಕನ್ನಡ ಅರ್ಥ.

"ಮಕ್ಕಳಿಗೆ ಪಾಠ ಹೇಳೋಕೆ ಬರ್ಕೊಂಡಿದಾರೆ ನಿಮ್ಮ ಹಿರಿಯರು. ಅಮರಕೋಶದ ಎರಡನೇ ಕಾಂಡದಲ್ಲಿ ವನೌಷಧಿವರ್ಗ ಅಂತ ಒಂದು ಭಾಗ ಬರುತ್ತೆ. ಗಿಡಮರಗಳ ಹೆಸರು. ಒಂದೊಂದಕ್ಕೂ ನಿಮ್ಮೂರ ಕಡೆ ಏನಂತಿದ್ರು ಅನ್ನೋದು ಇಲ್ಲಿದೆ. ಸಂಸ್ಕೃತ ಶ್ಲೋಕ ನನಗೆ ನೂರು ಕಡೆ ಸಿಗುತ್ತೆ. ಈ ಕನ್ನಡ ಬೇರೆಲ್ಲೂ ಸಿಗಲ್ಲ."

ಒಂದು ಕೃತಿಯ ಸಾಮಾನ್ಯ ಪ್ರತಿಗೂ ಬೆಲೆ ಇದೆ ಅನ್ನೋದನ್ನು ಅವರು ಇನ್ನೊಂದು ರೀತಿಯಲ್ಲೂ ವಿವರಿಸಿದರು. ಪುಣೆಯ ಭಂಡಾರಕರ್ ಸಂಸ್ಥೆಯವರು ಮಹಾಭಾರತದ ಶುದ್ಧಪಾಠ ಸಿದ್ಧಮಾಡಲು 1919ರಿಂದ 1966ರವರೆಗೆ ದುಡಿದರು. ಅದಕ್ಕೆ ನೋಡಿದ ಹಸ್ತಪ್ರತಿಗಳು 1,259. ಮಹಾಭಾರತ ಯಾರಿಗೆ ಗೊತ್ತಿರಲಿಲ್ಲ? ಆದರೂ ಪ್ರತಿಯೊಂದು ಪ್ರತಿಯೂ ಒಬ್ಬ ಸಾಕ್ಷಿ. ಒಬ್ಬ ಬರೆಗಾರ ಬಿಟ್ಟದ್ದನ್ನು ಇನ್ನೊಬ್ಬ ಹಿಡಿದಿರುತ್ತಾನೆ.

ನನಗೆ ಹೆಮ್ಮೆಯಾಗತೊಡಗಿತು. ಗ್ರೂಪಿಗೆ ಏನಂತ ಬರೆಯಲಿ ಅಂತ ಮನಸ್ಸಿನಲ್ಲೇ ಟೈಪ್ ಮಾಡುತ್ತಿದ್ದೆ.

ಅಷ್ಟರಲ್ಲಿ ಅವರು ಒಂದು ಕಾಗದ ತೆಗೆದು ವಿವರ ಬರೆಯಲು ಶುರುಮಾಡಿದರು. ಹಸ್ತಪ್ರತಿಗಳ ಸೂಚಿ ಮಾಡುವಾಗ ಹೀಗೆಯೇ ಬರೆಯುತ್ತಾರಂತೆ. ಕೃತಿಯ ಹೆಸರು, ಕರ್ತೃ, ಭಾಷೆ, ಲಿಪಿ, ಗರಿಯ ಉದ್ದಗಲ, ಒಂದು ಮಗ್ಗುಲಿಗೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಆರಂಭ, ಅಂತ್ಯ, ಸ್ಥಿತಿ. "ಗರಿ ಎಷ್ಟು?" ಅಂದರು. "65," ಅಂದೆ. ಕೊನೆಯ ಗರಿಯ ಅಂಚಿನಲ್ಲಿದ್ದ ಅಂಕಿ ನೋಡಿದರು. "ಇಲ್ಲಿ 66 ಅಂತಿದೆಯಲ್ಲ."

ಎಣಿಕೆ ತಪ್ಪಿರಬೇಕು ಅಂತ ಒಂದೊಂದೇ ಫೋಟೊ ತಿರುವಿದರು. ಹದಿನಾರು, ಹದಿನೇಳು, ಹದಿನೆಂಟು. ಆಮೇಲೆ ಇಪ್ಪತ್ತು.

"19 ಇಲ್ಲ," ಅಂದರು. "ಛೆ. ಸರಿಯಾಗಿ ವನೌಷಧಿವರ್ಗದ ಮಧ್ಯ. ಎಕ್ಕದ ಹತ್ರ ನಿಂತಿದೆ, ಆಡುಸೋಗೆಯಿಂದ ಮತ್ತೆ ಶುರು. ಮಧ್ಯ ಅಮೃತಬಳ್ಳಿ, ಉತ್ತರಣೆ ಎಲ್ಲ ಬರಬೇಕಿತ್ತು." ಆಮೇಲೆ ಕಾಗದದಲ್ಲಿ ಒಂದು ಪದ ಬರೆದರು: ಅಪೂರ್ಣ.

ನಾನು ಏನೂ ಮಾತಾಡಲಿಲ್ಲ. ನನಗೆ ಗೊತ್ತಿತ್ತು, ಅದು ಎಲ್ಲಿ ಹೋಯಿತು ಅಂತ.

2003. ನಾನು ಏಳನೇ ಕ್ಲಾಸು. ಶಾಲೆಯಲ್ಲಿ ವಸ್ತುಪ್ರದರ್ಶನ, 'ನಮ್ಮ ಪರಂಪರೆ' ಅಂತ ವಿಷಯ. ಉಳಿದವರು ಒನಕೆ, ಕಂಚಿನ ತಂಬಿಗೆ ತರುತ್ತಾರೆ, ನಾನು ಯಾರೂ ತರದ್ದನ್ನು ತರಬೇಕು ಅಂತ ಹಟ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಪೆಟ್ಟಿಗೆ ತೆಗೆದೆ. ಮೇಲಿನ ಗರಿ ತೆಗೆದರೆ ಗೊತ್ತಾಗುತ್ತೆ, ಕೆಳಗಿನದು ತೆಗೆದರೂ ಗೊತ್ತಾಗುತ್ತೆ. ಅದಕ್ಕೇ ದಾರ ಬಿಚ್ಚಿ ಮಧ್ಯದಿಂದ ಒಂದು ತೆಗೆದು ಮತ್ತೆ ಗಂಟು ಹಾಕಿದೆ. ಜಾಣತನ! ನೀಲಿ ಚಾರ್ಟ್ ಪೇಪರಿನ ಮೇಲೆ ಗೋಂದು ಹಚ್ಚಿ ಅಂಟಿಸಿ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ "ಸಾವಿರ ವರ್ಷ ಹಳೆಯ ತಾಳೆಗರಿ" ಅಂತ ಬರೆದೆ. ಎರಡನೇ ಬಹುಮಾನ, ಒಂದು ಸ್ಟೀಲ್ ಟಿಫಿನ್ ಬಾಕ್ಸ್. ಪ್ರದರ್ಶನ ಮುಗಿದ ಮೇಲೆ ಚಾರ್ಟು ವಾಪಸ್ ತರಬೇಕು ಅಂತಲೂ ನನಗೆ ನೆನಪಾಗಲಿಲ್ಲ. ಬೇಸಿಗೆ ರಜೆ ಬಂತು. ಹಳೇ ಚಾರ್ಟುಗಳ ಜೊತೆ ಅದೂ ಎಲ್ಲೋ ಹೋಯಿತು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ನವರಾತ್ರಿಗೂ ಪೂಜೆ ನಡೆಯಿತು, ಅದರ ಮುಂದಿನದ್ದಕ್ಕೂ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಡಿಮೆಯಾದ ಒಂದು ಗರಿಯನ್ನು ಯಾರೂ ಗಮನಿಸಲಿಲ್ಲ. ಯಾಕೆಂದರೆ ಯಾರೂ ಎಣಿಸಿರಲಿಲ್ಲ. ಮೈಸೂರಿನಲ್ಲಿ ಕೂತ, ನಮ್ಮ ಮನೆಯನ್ನೇ ನೋಡದ ಒಬ್ಬರಿಗೆ ಅದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಗ್ರಂಥಾಲಯ ಅಂದ್ರೆ ಪುಸ್ತಕ ಇಡುವ ಜಾಗ ಅಂತ ನಾನು ತಿಳಿದಿದ್ದೆ. ಇಡೋದಕ್ಕೆ ಪೆಟ್ಟಿಗೆ ಸಾಕು, ನಮ್ಮ ಮನೆಯಲ್ಲೂ ಇದೆ. ಗ್ರಂಥಾಲಯ ಅಂದ್ರೆ ಎಣಿಸುವ ಜಾಗ. ಇದು ಇದೆ, ಇದು ಇಲ್ಲ, ಇದು ಇಷ್ಟು ಹಾಳಾಗಿದೆ ಅಂತ ಯಾರೋ ಒಬ್ಬರು ಬರೆದಿಡುವ ಜಾಗ. ಆ ಪಟ್ಟಿ ಇದ್ದರೆ ಮಾತ್ರ ಎಲ್ಲೋ ಕೂತ ಯಾರೋ ಹುಡುಕಿಕೊಂಡು ಬರಬಲ್ಲರು.

ವಾಪಸ್ ಬರುವಾಗ ರೈಲಿನಲ್ಲಿ ಮಂಡ್ಯ ದಾಟುವ ತನಕ ಕಿಟಕಿ ಹೊರಗೇ ನೋಡುತ್ತಾ ಕೂತಿದ್ದೆ. ಕಟ್ಟನ್ನು ಗ್ರಂಥಾಲಯಕ್ಕೆ ಕೊಡಬೇಕು ಅಂತ ನನಗೆ ಅನ್ನಿಸಿಬಿಟ್ಟಿತ್ತು. ದೊಡ್ಡಪ್ಪನನ್ನು ಒಪ್ಪಿಸೋದು ಹೇಗೆ?

ಸಂಕ್ರಾಂತಿಗೆ ಊರಿಗೆ ಹೋಗಿ ಮೊದಲು ಸುಲಭದ ವಾದಗಳನ್ನೆಲ್ಲ ಹೂಡಿದೆ. ತಾಳೆಗರಿ ಅಮರ ಅಲ್ಲ ದೊಡ್ಡಪ್ಪ, ನಮ್ಮ ತೇವದ ಹವೆಯಲ್ಲಿ ಹೆಚ್ಚೆಂದರೆ ಕೆಲವು ನೂರು ವರ್ಷ, ಅದಕ್ಕೇ ಹಿಂದಿನವರು ಮತ್ತೆ ಮತ್ತೆ ನಕಲು ಮಾಡುತ್ತಿದ್ದದ್ದು. ಅಲ್ಲಿ ಗರಿಗಳನ್ನು ಮೆತ್ತಗೆ ಒರೆಸಿ, ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ, ಗರಿ ಬಳುಕುತ್ತದೆ, ಹುಳ ಬರಲ್ಲ. ಮಾಸಿದ ಅಕ್ಷರಕ್ಕೆ ದೀಪದ ಕಾಡಿಗೆ ಹಚ್ಚಿ ಒರೆಸಿದರೆ ಕಂಠದಿಂದ ಕೊರೆದ ಗೀರಿನಲ್ಲಿ ಮಸಿ ಕೂತು ಮತ್ತೆ ಓದಲು ಬರುತ್ತದೆ.

ದೊಡ್ಡಪ್ಪ ಎಲ್ಲ ಕೇಳಿದರು. "ಎಲ್ಲ ಸರಿ ಮಾರಾಯ. ನಮ್ಮನೇಲಿ ಎಂಟು ತಲೆಮಾರು ಇತ್ತು. ಒಂದು ಗರಿ ಆಚೀಚೆ ಆಗ್ಲಿಲ್ಲ. ಹೊರಗೆ ಕೊಟ್ರೆ ಯಾರು ಗ್ಯಾರಂಟಿ?"

ಆ ಮಾತಿಗೆ ನನ್ನ ಹತ್ತಿರ ಒಂದೇ ಉತ್ತರ ಇತ್ತು. ಬೇರೆ ಏನು ಹೇಳಿದ್ದರೂ ಮೋಸ ಆಗುತ್ತಿತ್ತು.

ಹೇಳಿದೆ. ಮಧ್ಯಾಹ್ನ, ದಾರ, ಚಾರ್ಟ್ ಪೇಪರ್, ಟಿಫಿನ್ ಬಾಕ್ಸ್, ಎಲ್ಲ. ಮೂವತ್ತಮೂರು ವರ್ಷದವನು ಏಳನೇ ಕ್ಲಾಸಿನವನ ಹಾಗೆ ಕೈಕಟ್ಟಿ ನಿಂತಿದ್ದೆ.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ತೋಟದ ಕಡೆ ಹೋದರು. ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ. ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಬಡಿಸಿದರು. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಒಂದೇ ಮಾತು ಅಂದರು: "ಆ ಟಿಫಿನ್ ಬಾಕ್ಸ್‌ನಲ್ಲೇ ಅಲ್ವನಾ ನಿಮ್ಮಜ್ಜ ಕೊನೆಗಾಲದಲ್ಲಿ ಮಾತ್ರೆ ಇಟ್ಕೊಂತಿದ್ದದ್ದು?"

ಹೌದು. ಅದೇ ಬಾಕ್ಸು.

"ಮನೆಯಲ್ಲಿ ಭದ್ರವಾಗಿದೆ ಅಂತ ನಾನು ತಿಳ್ಕೊಂಡಿದ್ದೆ," ಅಂದರು ಆಮೇಲೆ. "ಯಾವಾಗ ಹೋಗೋದು ಮೈಸೂರಿಗೆ?"

ಫೆಬ್ರವರಿಯಲ್ಲಿ ಇಬ್ಬರೂ ಹೋದೆವು. ಕಟ್ಟನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆ ಹಿರಿಯರು ಕೊನೆಯ ಗರಿಯನ್ನು ಅವರಿಗೆ ಓದಿ ಹೇಳಿದರು. ಬರೆದವರು ಹಿಂದಿನ ಬರೆಗಾರರ ಪದ್ಧತಿಯಂತೆ ಒಂದು ಕೋರಿಕೆ ಬರೆದಿಟ್ಟಿದ್ದರು. ಬೆನ್ನು ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ಎಣ್ಣೆ ನೀರು ತಾಗದ ಹಾಗೆ, ಕಟ್ಟು ಸಡಿಲವಾಗದ ಹಾಗೆ ಕಾಪಾಡಿ ಅನ್ನುವ ಅರ್ಥದ್ದು. ಇಂಥ ಮಾತು ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ ಇರುತ್ತದಂತೆ. ಆದರೂ ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕಟ್ಟು ಸಡಿಲಿಸಿದ್ದು ಯಾರು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ನಿಮ್ಮಲ್ಲೂ ಕೆಲವರ ಮನೆಯ ಅಟ್ಟದಲ್ಲಿ, ದೇವರ ಕೋಣೆಯಲ್ಲಿ ಇಂಥದ್ದೊಂದು ಕಟ್ಟು ಇರಬಹುದು. ಅದಕ್ಕೇ ನಾಲ್ಕು ಮಾತು. ಕುಂಕುಮ, ಅರಿಸಿನ, ಹೂವು ನೇರವಾಗಿ ಗರಿಯ ಮೇಲೆ ಬೇಡ, ಪಕ್ಕದಲ್ಲಿಟ್ಟು ಪೂಜೆ ಮಾಡಿ. ನೀರು ಹಾಕಿ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಗರಿಗಳು ಅಂಟಿಕೊಂಡಿದ್ದರೆ ಎಳೆಯಬೇಡಿ. ಬರುವ ಹಾಗಿದ್ದರೆ ಕ್ರಮ ತಪ್ಪದ ಹಾಗೆ ಎರಡೂ ಮಗ್ಗುಲು ಫೋಟೊ ತೆಗೆಯಿರಿ, ಅಂಚಿನ ಅಂಕಿ ಕಾಣುವಂತಿರಲಿ. ಎಣಿಸಿ, ಬರೆದಿಡಿ. ಮಾರುವ ಯೋಚನೆ ಬಂದರೆ ಒಂದು ವಿಷಯ ನೆನಪಿರಲಿ: 75 ವರ್ಷ ದಾಟಿದ ಚಾರಿತ್ರಿಕ, ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ಲೈಸೆನ್ಸ್ ಇಲ್ಲದವರು ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮೈಸೂರೇ ಆಗಬೇಕೆಂದಿಲ್ಲ. ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳಲ್ಲಿ, ಧರ್ಮಸ್ಥಳದಲ್ಲಿ, ಸಾಗರದ ಹತ್ತಿರದ ಕೆಳದಿಯಲ್ಲಿ ಹಸ್ತಪ್ರತಿ ಸಂಗ್ರಹಗಳಿವೆ. ಕನ್ನಡ ಹಸ್ತಪ್ರತಿಗಳಿಗೆ ಮೈಸೂರಿನಲ್ಲೇ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಡಿ. ಕನಿಷ್ಠ ಒಳಗೇನಿದೆ ಅಂತ ಓದಿಸಿ.

ಮೊನ್ನೆ ನವರಾತ್ರಿಗೆ ಊರಿಗೆ ಹೋಗಿದ್ದೆ. ಮಣೆಯ ಮೇಲೆ ಎಂದಿನ ಕೆಂಪು ಬಟ್ಟೆ, ಅದರ ಮೇಲೆ ಆ 130 ಫೋಟೊಗಳ ಪ್ರಿಂಟು, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದು. ದೊಡ್ಡಪ್ಪ ಪೂಜೆ ಮುಗಿಸಿ ಬಂದು, "ಆ ಗರಿಯಲ್ಲಿ ಯಾವ್ಯಾವ ಗಿಡ ಬರ್ಬೇಕಿತ್ತು ಅಂತ ಪಟ್ಟಿ ಸಿಗುತ್ತೇನೋ?" ಅಂದರು. ಅಚ್ಚಿನ ಅಮರಕೋಶ ನನ್ನ ಬ್ಯಾಗಿನಲ್ಲೇ ಇತ್ತು. ಎಕ್ಕದಿಂದ ಆಡುಸೋಗೆಯವರೆಗೆ ಒಂದೊಂದೇ ಸಂಸ್ಕೃತ ಹೆಸರು, ಅದರ ಕನ್ನಡ ಅರ್ಥ ಓದುತ್ತಾ ಹೋದೆ. ಅವರು ಕಣ್ಣುಮುಚ್ಚಿ ಕೇಳಿ, ನಮ್ಮೂರಲ್ಲಿ ಅದಕ್ಕೆ ಏನಂತಾರೆ, ಎಲ್ಲಿ ಬೆಳೆಯುತ್ತೆ, ಯಾವ ಕಾಯಿಲೆಗೆ ಕೊಡ್ತಿದ್ರು ಅಂತ ಹೇಳುತ್ತಾ ಹೋದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹನ್ನೊಂದು ಗಿಡ ಅವರಿಗೆ ಗೊತ್ತಿತ್ತು. ಉಳಿದವಕ್ಕೆ ಸ್ವಲ್ಪ ಹೊತ್ತು ಯೋಚಿಸಿ, "ಇದು ನನ್ನ ಅಮ್ಮಂಗೆ ಗೊತ್ತಿತ್ತು," ಅಂದರು.

ಅವುಗಳ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಪುಟದ ತಲೆಯಲ್ಲಿ ತಾರೀಕು ಹಾಕಿ, ಎಷ್ಟು ಹೆಸರು ಸಿಕ್ಕಿತು, ಎಷ್ಟು ಸಿಗಲಿಲ್ಲ ಅಂತ ಎಣಿಸಿ ಬರೆದಿದ್ದೇನೆ.